ಹಸಿ ಬಣ್ಣದ ಅಮ್ಮ

ಮೂವತ್ತೈದು ವರ್ಷ ಊರಿನ ಅರ್ಧ ಗೋಡೆಗಳಿಗೆ ಬಣ್ಣ ಬಳಿದ ಪೇಂಟರಣ್ಣನಿಗೆ ಕರ್ಚೀಫಿನಷ್ಟಗಲದ ಕ್ಯಾನ್ವಾಸಿನ ಮುಂದೆ ಕೈಕಾಲೇ ಆಡುತ್ತಿರಲಿಲ್ಲ. ಗೋಡೆಯಲ್ಲಿ ತಪ್ಪಿದರೆ ಇನ್ನೊಂದು ಕೋಟ್ ಹೊಡೆದರಾಯಿತು. ಇಲ್ಲಿ ಮೂಗು ಕೂದಲೆಳೆಯಷ್ಟು ಸರಿದರೂ ಹೆಂಗಸು ಹೋಗಿ ಗಂಡಸಾಗುತ್ತಿದ್ದಳು.

ಅವನು ಈ ಚಿತ್ರಕಲೆ ಕ್ಲಾಸಿಗೆ ಸೇರಿದ್ದು ಶೋಕಿಗಲ್ಲ. ಅವನಿಗೆ ಅಮ್ಮನ ಮುಖ ಬೇಕಿತ್ತು. ಅವನು ಎರಡು ವರ್ಷದವನಿದ್ದಾಗ ತೀರಿಕೊಂಡ ಅಮ್ಮನ ಒಂದು ಫೋಟೋ ಕೂಡ ಇರಲಿಲ್ಲ. ಆ ಮುಖ ಉಳಿದಿದ್ದು ಅವನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳಾದ ಅಕ್ಕನ ನೆನಪಿನಲ್ಲಿ ಮಾತ್ರ. ಆ ನೆನಪೋ, ವರ್ಷದಿಂದ ಸೋರಿಹೋಗುತ್ತಿತ್ತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಮನೆಯ ದಾರಿ ಮರೆತಳು, ಹೋದ ವಾರ ಎರಡು ದಿನ ತಮ್ಮನನ್ನೇ ಮರೆತಳು. ಈ ಭಾನುವಾರ ಅಕ್ಕನ ಮಗಳು ಅವಳನ್ನು ತನ್ನ ಊರಿಗೆ ಕರೆದುಕೊಂಡು ಹೋಗುವವಳಿದ್ದಳು. ಹೊಸ ಜಾಗದಲ್ಲಿ ಮರೆವು ಇನ್ನೂ ಹೆಚ್ಚಬಹುದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಅಕ್ಕ, ತಾನು ಹಿಂದೆ ಹೇಳಿದ್ದನ್ನೇ ನಂಬಿ ತಮ್ಮ ಬರೆದ ಚಿತ್ರ ನೋಡಿ ‘ಹೌದು, ಇವಳೇ’ ಅನ್ನಬೇಕು. ಹಾಗನ್ನಲು ಭೂಮಿಯ ಮೇಲೆ ಬೇರೆ ಯಾರೂ ಉಳಿದಿರಲಿಲ್ಲ.

ಶುಕ್ರವಾರ, ಅವನ ಮಗಳ ವಯಸ್ಸಿನ ಟೀಚರ್ ಕ್ಯಾನ್ವಾಸಿನ ಅಂಚಿಗೆ ಬೆರಳು ತಾಗಿಸಿ ಹುಬ್ಬು ಗಂಟಿಕ್ಕಿದರು.

“ಪೇಂಟರಣ್ಣ, ಮೂರು ವಾರ ಆಯ್ತು. ಇನ್ನೂ ಇಷ್ಟು ಹಸಿ ಯಾಕಿದೆ? ಏನ್ ಮಾಡಿದ್ರಿ?”

“ಏನಿಲ್ಲ ಮೇಡಂ. ಮೊದಲು ಎಣ್ಣೆ ಕುಡಿಸ್ದೆ.”

“ಯಾರಿಗೆ?”

“ಕ್ಯಾನ್ವಾಸಿಗೆ. ಹೊಸ ಬಾಗಿಲಿಗೆ ಅಗಸೆ ಎಣ್ಣೆ ಕುಡಿಸಲ್ವಾ, ಹಾಗೆ. ಎರಡು ಸಲ.”

ಟೀಚರ್ ತಲೆ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕೂತರು. ಕೆಳಗಿನ ಪದರ ತೆಳುವಾಗಿ ಬೇಗ ಒಣಗಬೇಕು, ಎಣ್ಣೆ ಏನಿದ್ದರೂ ಆಮೇಲಿನದಕ್ಕೆ ಎಂದು ಅವರು ಮೊದಲ ದಿನವೇ ಹೇಳಿದ್ದರು. ‘ಪಾಪ, ಚಿಕ್ಕ ವಯಸ್ಸು, ಬಾಗಿಲು ಕಂಡವರಲ್ಲ’ ಎಂದು ಪೇಂಟರಣ್ಣ ಮನಸ್ಸಿನಲ್ಲೇ ಅವರನ್ನು ಕ್ಷಮಿಸಿದ್ದ.

“ಯಾವಾಗ ಒಣಗತ್ತೆ ಮೇಡಂ?”

“ಎರಡು ತಿಂಗಳು. ಮೂರೂ ಆಗ್ಬಹುದು.”

ಅಕ್ಕನ ಬಳಿ ಎರಡು ತಿಂಗಳು ಎಲ್ಲಿದೆ? ತನ್ನ ಜಾಣತನಕ್ಕೆ ಬೆಂಕಿ ಬೀಳಲಿ ಎಂದು ಬೈದುಕೊಂಡ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಲು ಧೈರ್ಯ ಸಾಲದೆ ನಡೆದೇ ಹೊರಟ. ಕ್ಯಾನ್ವಾಸನ್ನು ಎರಡೂ ಅಂಚಿನಲ್ಲಿ ಹಿಡಿದು, ಎದುರು ಬಂದವರಿಗೆಲ್ಲ “ಹಸಿ ಇದೆ, ಹಸಿ ಇದೆ” ಎಂದು ಕೂಗುತ್ತಾ ಹೋದ. ಜನ ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡು ದಾರಿ ಬಿಟ್ಟರು. ಅವನಿಗೆ ಮಾತ್ರ ದಾರಿಯುದ್ದಕ್ಕೂ ಒಂದೇ ಚಿಂತೆ: ಇವತ್ತು ಅಕ್ಕ ಹೇಗಿದ್ದಾಳೋ.

ಬಾಗಿಲು ತೆಗೆದ ಅಕ್ಕನ ಮಗಳು ದನಿ ತಗ್ಗಿಸಿದಳು. “ಮಾವ, ಇವತ್ತು ಅಮ್ಮ ಅಷ್ಟು ಸರಿ ಇಲ್ಲ. ಬೇಜಾರು ಮಾಡ್ಕೋಬೇಡಿ.”

ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಅವನು ಚಿತ್ರವನ್ನು ಅವಳ ಮುಂದಿನ ಕುರ್ಚಿಯ ಮೇಲಿಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ. ಅವಳು ಬಹಳ ಹೊತ್ತು ನೋಡಿದಳು.

“ಯಾರಿದು?”

ತಾನೇ ಹೇಳಿಕೊಟ್ಟು ಹೌದು ಅನ್ನಿಸಿದರೆ ಅದಕ್ಕೆ ಬೆಲೆಯಿಲ್ಲ. “ನೀನೇ ಹೇಳಕ್ಕ,” ಅಂದ.

ಅಕ್ಕ ಮುಂದೆ ಬಗ್ಗಿ ಹೆಬ್ಬೆರಳನ್ನು ನೇರವಾಗಿ ಕೆನ್ನೆಯ ಮೇಲಿಟ್ಟಳು.

“ಮುಟ್ಬೇಡ, ಹಸಿ!” ಎನ್ನುವಷ್ಟರಲ್ಲಿ ಬಣ್ಣ ಜಾರಿಹೋಗಿತ್ತು. ಅವಳು ಕೇಳಿಸಿಕೊಳ್ಳಲೇ ಇಲ್ಲ.

“ಇಷ್ಟು ತುಂಬಿರ್ಲಿಲ್ಲ,” ಅಂದಳು. “ಈ ಕಡೆ ದವಡೆ ಹಲ್ಲು ಕೀಳ್ಸಿದ್ರು. ಗಲ್ಲ ಹೀಗೆ ಒಳಗೆ ಹೋಗಿತ್ತು.” ಹೆಬ್ಬೆರಳು ಕೆನ್ನೆಯಲ್ಲಿ ಕುಳಿ ಮಾಡಿತು. ತುಟಿಯ ತುದಿಯನ್ನು ಕೊಂಚ ಕೆಳಗೆಳೆಯಿತು, ಒಂದು ಕಣ್ಣರೆಪ್ಪೆಯನ್ನು ಭಾರ ಮಾಡಿತು. ಇದ್ಯಾವುದನ್ನೂ ಅವಳು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಯಾವ ಮನೆಯ ಯಾವ ಗೋಡೆಗೆ ಬೇಕಾದರೂ ನೇತುಹಾಕಬಹುದಾಗಿದ್ದ ಹೆಂಗಸು ಹೋಗಿ, ಹಲ್ಲುನೋವು ತಿಂದೂ ನಗುತ್ತಿದ್ದ ಒಬ್ಬಳೇ ಒಬ್ಬಳು ಅಲ್ಲಿ ಕೂತಿದ್ದಳು.

“ಈಗ ಸರಿ,” ಎಂದು ಅಕ್ಕ ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. ಆಮೇಲೆ ತಲೆಯೆತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿ, ಮನೆಗೆ ಬಂದ ನೆಂಟರನ್ನು ಮಾತಾಡಿಸುವಂತೆ ಕೇಳಿದಳು:

“ನೀವು ನಮ್ಮಮ್ಮನ್ನ ನೋಡಿದ್ರಾ?”

“ಈಗ ನೋಡ್ದೆ, ಅಕ್ಕ,” ಅಂದ ಅವನು.