ಅಕ್ಕಾರ ಮನೆಯ ಕುಂಟು ಕುರ್ಚಿ

ನಾನು ಒಂದು ಮರದ ಕುರ್ಚಿ. ಹಳಿಯಾಳದ ಬಡಿಗ ಮೌನೇಶಪ್ಪ ನನ್ನನ್ನು ಸಾಗವಾನಿಯಿಂದ ಮಾಡಿದ. ತೋಳುಗಳನ್ನು ಉಜ್ಜಿ ನುಣುಪಾಗಿಸಿ, ಬೆತ್ತ ಹೆಣೆದು, ಮೊದಲು ತಾನೇ ಕೂತು ನೋಡಿದ. ಆಗ ನನ್ನ ನಾಲ್ಕು ಕಾಲೂ ಸಮನಾಗಿದ್ದವು.

ಹದಿನೆಂಟು ವರ್ಷ ಧಾರವಾಡದ ಒಬ್ಬ ವಕೀಲರ ಕಚೇರಿಯಲ್ಲಿದ್ದೆ. ಅಲ್ಲಿಗೆ ತಿರುಗುವ ಕುರ್ಚಿಗಳು ಬಂದ ದಿನ ನನ್ನನ್ನು ಟೆಂಪೋದೊಳಗೆ ಎಸೆದರು. ಒಂದು ಕಾಲಿನ ತುದಿ ಮುರಿಯಿತು. ಗುಜರಿ ಅಂಗಡಿಯ ಮುಂದೆ ನಿವೃತ್ತ ಶಿಕ್ಷಕಿ ವತ್ಸಲಾಬಾಯಿ ಗಲಗಲಿ ನನ್ನನ್ನು ಅಲ್ಲಾಡಿಸಿ ನೋಡಿದರು. ಟಕ್ ಎಂದೆ. “ಇದ ಬೇಕು ನನಗ,” ಎಂದರು.

ಯಾಕೆಂದು ಆಮೇಲೆ ತಿಳಿಯಿತು. ಅವರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳನ್ನು ನೌಕರಿಯ ಸಂದರ್ಶನಕ್ಕೆ ತಯಾರು ಮಾಡುತ್ತಿದ್ದರು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಮೇಜಿನ ಆಚೆ ಅಕ್ಕಾರು, ಈಚೆ ನನ್ನ ಮೇಲೆ ಅಭ್ಯರ್ಥಿ. ಉತ್ತರ ಹೇಳುವಾಗ ನಾನು ಟಕ್ ಎಂದರೆ ಒಂದು ಅಂಕ ಕಡಿಮೆ.

“ಕುರ್ಚಿ ಅಳ್ಳಾಡ್ತು ಅಂದ್ರ ನೀ ಅಂಜಿದಿ ಅಂತ ಅರ್ಥ,” ಎನ್ನುತ್ತಿದ್ದರು ಅಕ್ಕಾರು.

ಅವರಿಗೆ ಕಾಣದ್ದು ನನಗೆ ಕಾಣುತ್ತಿತ್ತು. ಮೇಜಿನ ಕೆಳಗೆ ಸೆರಗಿನ ತುದಿಯನ್ನು ಸುತ್ತುವ ಬೆರಳು, ನನ್ನ ತೋಳನ್ನು ಒದ್ದೆ ಮಾಡುವ ಅಂಗೈ. ನೌಕರಿ ಸಿಕ್ಕವರು ಮತ್ತೆ ಬರುತ್ತಿರಲಿಲ್ಲ. ಸಿಗದವರು ಬರುತ್ತಿದ್ದರು. ಹಾಗಾಗಿ ಪರಿಚಿತ ಹೆಜ್ಜೆ ಕೇಳಿದಾಗಲೆಲ್ಲ ನನಗೆ ಸಂತೋಷವೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು.

ನೀಲಾಂಬಿಕಾ ಹೂಗಾರ ಬಂದಾಗ ಅವಳಿಗೆ ಮೂವತ್ತನಾಲ್ಕು. ಬಾಣಂತನದ ರಜೆಗೆ ಹೋದ ಶಿಕ್ಷಕಿಯರ ಜಾಗದಲ್ಲಿ ಐದು ವರ್ಷ ಜೀವಶಾಸ್ತ್ರ ಕಲಿಸಿದ್ದಳು. ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಆ ಶಿಕ್ಷಕಿ ಮರಳುತ್ತಿದ್ದರು, ಇವಳು ಹೊರಡುತ್ತಿದ್ದಳು. ಅವಳಿಗೆ ತನ್ನದೇ ಆದ ಒಂದು ತರಗತಿ ಬೇಕಿತ್ತು. ಮೂವತ್ತೈದು ದಾಟಿದರೆ ಯಾರೂ ಕರೆಯುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಸದ್ದಾಗದಂತೆ ಕೂರುವುದನ್ನು ಅವಳು ಎಲ್ಲರಿಗಿಂತ ಬೇಗ ಕಲಿತಳು. ಹೆಬ್ಬೆರಳನ್ನು ನೆಲಕ್ಕೆ ಒತ್ತಿ, ಭಾರವನ್ನೆಲ್ಲ ಬಲಕ್ಕೆ ಹಾಕಿ, ಉಸಿರು ಹಿಡಿದು.

“ನೋಡ್ರೆ, ಹಿಂಗ ಕೂಡ್ರಬೇಕು,” ಎಂದರು ಅಕ್ಕಾರು.

“ಆಕಿ ಕೂತಿಲ್ರೀ ಅಕ್ಕಾರ, ಮೊಳಿ ಹೊಡದು ಕೂಡ್ರಿಸೇವಿ,” ಎಂದಳು ಇನ್ನೊಬ್ಬ ಹುಡುಗಿ. ಎಲ್ಲರೂ ನಕ್ಕರು.

ಒಂದು ಶಾಲೆಯ ಸಂದರ್ಶನಕ್ಕೆ ಹೋದ ನೀಲಾಂಬಿಕಾ ಮೂರನೆಯ ದಿನ ಬಾಗಿಲಲ್ಲಿ ನಿಂತಿದ್ದಳು.

“ಅಲ್ಲಿ ಕುರ್ಚಿ ಗಟ್ಟಿನ ಇತ್ರೀ ಅಕ್ಕಾರ. ಆದ್ರೂ ಎಲ್ಲೆ ಸಪ್ಪಳಾಗ್ತದೋ ಅಂತ ಬಿಗಿಹಿಡದು ಕೂತೆ. ಹೂವಿನ ಬಗ್ಗೆನ ಕೇಳಿದ್ರು. ನಮ್ಮನ್ಯಾಗ ಮೂರು ತಲಿಮಾರು ಹೂವ ಕಟ್ಟೇವಿ. ಬಾಯಿನ ಬರ್ಲಿಲ್ರೀ.”

ಅಕ್ಕಾರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ತಪ್ಪು ನಂದವಾ,” ಎಂದರು. ನನ್ನನ್ನು ಅವಳತ್ತ ಸರಿಸಿ ಕೇಳಿದರು: “ಇನ್ನೊಂದು ಸಾಲಿಗೆ ಅರ್ಜಿ ಹಾಕೀಯಲ್ಲ? ಕೂಡು. ಮಲ್ಲಿಗಿ ಸಂಜಿಗೇ ಯಾಕ ಅರಳತದ, ನನಗ ಹೇಳು.”

ಅವಳು ಮೆಲ್ಲಗೆ ಶುರು ಮಾಡಿದಳು. ರಾತ್ರಿ ಹಾರುವ ಪತಂಗಗಳು, ಕತ್ತಲಲ್ಲೂ ಕಾಣುವ ಬಿಳಿ ಬಣ್ಣ, ಪರಿಮಳ. ಕೈ ಮೇಲೆದ್ದಿತು. ಮುಚ್ಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೊಗ್ಗು ಅರಳುವುದನ್ನು ತೋರಿಸಿದಳು. ನಾನು ಟಕ್ ಟಕ್ ಎನ್ನುತ್ತಲೇ ಇದ್ದೆ. ಯಾರೂ ಅಂಕ ಕಳೆಯಲಿಲ್ಲ.

ಆಮೇಲೆ ಅವಳು ಬರಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಅವಳು ಬರಲಿ ಎಂದುಕೊಳ್ಳುತ್ತಿದ್ದೆ. ಮರುಗಳಿಗೆಯೇ ಬರದಿರಲಿ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಬೆತ್ತ ಹರಿಯಿತು. ನನ್ನ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ಬಂತು. ನಾನು ಪಡಸಾಲೆಯ ಮೂಲೆ ಸೇರಿ ಹಳೆಯ ಪತ್ರಿಕೆಗಳನ್ನು ಹೊತ್ತುಕೊಂಡೆ.

ಆಷಾಢದ ಒಂದು ಮಧ್ಯಾಹ್ನ ನೀಲಾಂಬಿಕಾ ಬಂದಳು. ಕೊರಳಲ್ಲಿ ಶಾಲೆಯ ಗುರುತಿನ ಚೀಟಿ ಇತ್ತು.

“ಅಕ್ಕಾರ, ಎಂಟನೇತ್ತಾ ಬಿ ನಂದ ಕ್ಲಾಸ್ ರೀ! ನಲವತ್ತೊಂದು ಹುಡುಗ್ರು. ಎಲ್ಲಾರ ಹೆಸರೂ ಬರ್ತಾವ.”

“ಕೂಡವಾ, ಚಾ ಮಾಡ್ತೀನಿ.”

“ಬಸ್ಸಿಗೆ ಹೊತ್ತಾತ್ರೀ. ಪೇಪರ್ ತಿದ್ದೋದದ.”

ಉತ್ತರಪತ್ರಿಕೆಗಳ ಚೀಲವನ್ನು ಅವಳು ನಾನು ಹೊತ್ತಿದ್ದ ಹಳೆಯ ಪತ್ರಿಕೆಗಳ ಮೇಲಿಟ್ಟು, ನಿಂತೇ ಒಬ್ಬೊಬ್ಬ ಮಗುವಿನ ಸುದ್ದಿ ಹೇಳಿದಳು. ಕೈಗಳು ಗಾಳಿಯಲ್ಲಿ ಆಡುತ್ತಿದ್ದವು. ಅವಳು ಆ ಚೀಲವನ್ನು ಮರೆತು ಹೋಗಲಿ ಎಂದು ಆಸೆಪಟ್ಟೆ. ಅವಳು ಮರೆಯಲಿಲ್ಲ.

ಅಂಜಿದವರ ಭಾರ ನನಗೆ ಚೆನ್ನಾಗಿ ಗೊತ್ತು. ನೌಕರಿ ಸಿಕ್ಕವರು ಕೂತರೆ ಎಷ್ಟು ಭಾರ ಇರುತ್ತಾರೆಂದು ಮಾತ್ರ ಇನ್ನೂ ಗೊತ್ತಿಲ್ಲ.