ಮೇಷ್ಟ್ರ ಉದಾಹರಣೆ

ಸತ್ತ ಮೇಷ್ಟ್ರ ಕೋಟಿನ ಕೊನೆಯ ಗುಂಡಿ ಹಾಕುತ್ತಿದ್ದ ಹೆಂಡತಿಯ ಎಡಗೈ ಮೇಲೆ ನಾದಿನಿ ಮೆಲ್ಲಗೆ ಶಾಲು ಎಳೆದಳು.

"ಜನ ಬರ್ತಿದಾರೆ ಅತ್ತಿಗೆ. ಕೈ ಕಾಣುತ್ತೆ."

"ಕಾಣ್ಲಿ ಬಿಡು. ನಿಮ್ಮಣ್ಣ ಇದರ ಕತೆ ಹೇಳದೇ ಬಿಟ್ಟಿದ್ದು ಯಾರಿಗೆ?"

ಇಸ್ತ್ರಿ ಸರಿಯಿಲ್ಲವೆಂದು ದಿನವೂ ಮುಖ ಸಿಂಡರಿಸುತ್ತಿದ್ದ ಗಂಡ ಈಗ ಸುಕ್ಕುಗಟ್ಟಿದ ಕಾಲರಿನಲ್ಲೇ ತೆಪ್ಪಗೆ ಮಲಗಿದ್ದ. ಅವನನ್ನು ಇಷ್ಟು ಒಳ್ಳೆಯವನಾಗಿ ಅವಳು ನೋಡಿದ್ದು ಇದೇ ಮೊದಲು.

ಹಳೆಯ ಶಿಷ್ಯರು ಹೂ ಹಿಡಿದು ಬಂದರು. ಲಿಟ್ಮಸ್ ಮೇಷ್ಟ್ರು ಎಂಬ ಅಡ್ಡಹೆಸರನ್ನು ಬಿರುದಿನಂತೆ ಹೇಳಿಕೊಂಡು ಕಣ್ಣೊರೆಸಿಕೊಂಡರು. ಅವರಲ್ಲೊಬ್ಬ ಈಗ ಅದೇ ಶಾಲೆಯ ಹೆಡ್‌ಮಾಸ್ಟರ್. ಸಾವಿನ ಮನೆಯೂ ಅವನಿಗೆ ತರಗತಿಯೇ, ಗಂಟಲು ಸರಿಮಾಡಿಕೊಂಡ.

"ಆಮ್ಲ, ಪ್ರತ್ಯಾಮ್ಲ ಸೇರಿದ್ರೆ ಲವಣ, ನೀರು. ಅದು ಎಲ್ಲ ಪುಸ್ತಕದಲ್ಲೂ ಇದೆ. ಜೊತೆಗೆ ಶಾಖವೂ ಹುಟ್ಟುತ್ತೆ ಅನ್ನೋದನ್ನ ಜನ್ಮದಲ್ಲಿ ಮರೀದ ಹಾಗೆ ಹೇಳ್ಕೊಟ್ಟೋರು ನಮ್ಮ ಮೇಷ್ಟ್ರು. 'ಮೈಮೇಲೆ ಆಸಿಡ್ ಬಿದ್ರೆ ನೀರು ಬಿಡ್ರೋ, ಪ್ರತ್ಯಾಮ್ಲ ಸುರೀಬೇಡಿ. ನಮ್ಮನೆಯವಳು ದಡ್ಡಿ, ಸುರ್ಕೊಂಡು ಕೈ ಬೇಯಿಸ್ಕೊಂಡ್ಳು' ಅಂತಿದ್ರು." ಅವನ ಕಣ್ಣು ಶಾಲಿನತ್ತ ಹೊರಳಿತು. "ನಾನೂ ಪ್ರತಿ ವರ್ಷ ಅದೇ ಉದಾಹರಣೆ ಕೊಡ್ತೀನಮ್ಮ."

ಎಂಥ ಭಾಗ್ಯ. ಮೇಷ್ಟ್ರು ಹೋದರೂ ಅವಳ ದಡ್ಡತನಕ್ಕೆ ನಿವೃತ್ತಿಯಿಲ್ಲ.

*

ಮದುವೆಯಾದ ಹೊಸತು. ಕಟ್ಟಿಕೊಂಡಿದ್ದ ಬಚ್ಚಲು ಬಿಡಿಸಲು ಅವನು ಶಾಲೆಯಿಂದ ಆಸಿಡ್ ತಂದಿದ್ದ. ಬಾಟಲಿ ಅವನ ಕೈಯಿಂದ ಜಾರಿ ಅವಳ ಕೈ ಮೇಲೆ ಚೆಲ್ಲಿತು. ಅವಳು ಓಡಿ ನಲ್ಲಿಗೆ ಕೈಯೊಡ್ಡಿದಳು. ಉರಿ ಇಳಿಯತೊಡಗಿತ್ತು.

ಅವನು ಆ ಕೈಯನ್ನು ಹಿಡಿದೆಳೆದ. "ನೀರಿಂದ ಏನಾಗುತ್ತೆ? ತಟಸ್ಥ ಮಾಡ್ಬೇಕು."

ಪ್ರತ್ಯಾಮ್ಲವೆಂದು ನೀರಿಗೆ ಕಾಸ್ಟಿಕ್ ಸೋಡಾ ಬೆರೆಸಿ ಸುರಿದ. ಲೆಕ್ಕ ಸರಿಯಾಗಿಯೇ ಇತ್ತು, ಕೈ ಮಾತ್ರ ಲೆಕ್ಕದಲ್ಲಿರಲಿಲ್ಲ. ಚರ್ಮ ಬೆಂದು ಸುಲಿದು ಬಂತು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ನಾದಿನಿ ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಯಾರ ಕೆಲಸ ಇದು, ಶಾಖ ಹುಟ್ಟುತ್ತೆ ಅಂತ ಗೊತ್ತಿಲ್ವಾ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಗದರಿದರು.

"ಹೆಂಗಸರು ಸಾರ್, ಹೇಳಿದ್ರೆ ಎಲ್ಲಿ ಕೇಳ್ತಾರೆ," ಎಂದ ಗಂಡ.

*

"ಸುರಿದದ್ದು ನಾನಲ್ಲ," ಎಂದಳು ಅವಳು. "ನಿಮ್ಮ ಮೇಷ್ಟ್ರು. ನಾನು ನಲ್ಲಿ ಕೆಳಗೇ ಹಿಡ್ಕೊಂಡಿದ್ದೆ."

"ಪಾಪ, ದುಃಖದಲ್ಲಿ ಏನೋ ಮಾತು," ಎಂದರು ಯಾರೋ ಹಿಂದಿನಿಂದ.

ಅವಳು ನಾದಿನಿಯತ್ತ ತಿರುಗಿದಳು. "ನೀನಿದ್ಯಲ್ಲ. ಹೇಳು."

ನಾದಿನಿ ನೆಲ ನೋಡಿದಳು. "ಈಗ್ಯಾಕೆ ಅತ್ತಿಗೆ? ಹೋದೋರ ಮೇಲೆ..."

"ಇದ್ದಾಗ ಹೇಳೋಕೆ ಭಯ, ಹೋದ್ಮೇಲೆ ಹೇಳೋಕೆ ಸಂಕೋಚ. ನಿಮ್ಮನೇಲಿ ನಿಜಕ್ಕೆ ಮುಹೂರ್ತ ಯಾವಾಗ?"

ಹೆಡ್‌ಮಾಸ್ಟರ್ ಬುದ್ಧಿ ಉಪಯೋಗಿಸಿದ. "ಸುರಿದದ್ದು ಯಾರಾದ್ರೇನಮ್ಮ, ಪಾಠ ಸರಿಯಾಗಿದೆಯಲ್ಲ."

ಅವಳಿಗೆ ನಗು ಬಂತು. ಗುರುವಿಗೆ ತಕ್ಕ ಶಿಷ್ಯ.

ಹೊರಗೆ ಗಾಡಿ ಬಂದು ನಿಂತಿತು. ಹೆಣ ಎತ್ತುವವರು ಕೋಟಿನ ತೋಳು ನೇರ ಮಾಡುತ್ತಿದ್ದಾಗ ಅವಳು ಬಚ್ಚಲಿಗೆ ಹೋಗಿ, ಶಾಲು ತೆಗೆದು ಮೊಳೆಗೆ ಸಿಕ್ಕಿಸಿ, ನಲ್ಲಿ ತಿರುಗಿಸಿ ಎಡಗೈ ಒಡ್ಡಿದಳು. ಕೊನೇ ಸಲ ಮುಖ ನೋಡಿ ಎಂದು ಕರೆದರು. ಮತ್ತೊಮ್ಮೆ ಕರೆದರು. ಆಮೇಲೆ ಗಾಡಿ ಹೊರಟ ಸದ್ದು ಕೇಳಿತು.

ನಾದಿನಿ ಬಚ್ಚಲ ಬಾಗಿಲಿಗೆ ಬಂದು, ಅಂದು ನಿಂತಿದ್ದ ಜಾಗದಲ್ಲೇ ನಿಂತಳು. ಮುದುರಿದ ಬಿಳಿ ಚರ್ಮದ ಮೇಲೆ ನೀರು ತಣ್ಣಗೆ ಬೀಳುತ್ತಲೇ ಇತ್ತು.