ಹೆಬ್ಬೆರಳಿನ ತೂತು

ಮತ್ತೆ ಮೇಲೆ ಬಂತು ಬೌಲಿಂಗ್ ಬಾಲ್, ನೆಲದಡಿಯ ದಾರಿಯಲ್ಲಿ ಗುಡುಗುಡು ಉರುಳಿಕೊಂಡು, ಹಲಗೆಯ ಮೇಲೆ ಒಂದು ಸುತ್ತು ಹೊರಳಿ, ಬೇರೆ ದಿಕ್ಕೇ ಇಲ್ಲವೆಂಬಂತೆ ಅವಳ ಕಡೆಗೇ ಮುಖ ಮಾಡಿ ನಿಂತಿತು, ಹೆಬ್ಬೆರಳಿನ ತೂತು ಮೇಲಾಗಿ, ಅದರ ಅಂಚಿನಿಂದ ಅರ್ಧ ಕಿತ್ತ ಟೇಪಿನ ತುಣುಕು ನಾಲಿಗೆಯ ಹಾಗೆ ಹೊರಚಾಚಿ — ಥೂ, ಬೇರೆ ಕಡೆ ನೋಡಬೇಕು ಎಂದುಕೊಂಡಳು, ಆದರೆ ಕಣ್ಣು ಮಾತು ಕೇಳುವುದಿಲ್ಲ, ಅಸಹ್ಯವಾದದ್ದನ್ನೇ ಹುಡುಕಿಕೊಂಡು ಹೋಗಿ ನೋಡುತ್ತದೆ. ಆ ತೂತಿನೊಳಗೆ ಗಂಡನ ಬೆರಳಿನ ಬಿಸಿ ಇನ್ನೂ ಇರುತ್ತದೆ, ಬೆವರಿರುತ್ತದೆ, ಬೆವರಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ, ಎಸೆಯುವ ಮುಂಚೆ ಹೆಬ್ಬೆರಳನ್ನು ಒಂದು ಸಲ ನೆಕ್ಕುವ ಅಭ್ಯಾಸ ಬೇರೆ, ಅದೃಷ್ಟಕ್ಕಂತೆ, ಅದೃಷ್ಟವೋ ಎಂಜಲೋ, ಅದೆಲ್ಲ ಟೇಪಿನ ಅಂಟಿನ ಜೊತೆ ಕಲಸಿಹೋಗಿ, ಅದರ ಮೇಲೆ ಬಾಲ್ ಉರುಳುವ ಲೇನಿಗೆ ಬಳಿದ ಎಣ್ಣೆ ಸವರಿಕೊಂಡು, ಕೊನೆಗೆ ಅವಳ ಬೆರಳು. ಅವನಾದ ಮೇಲೆ ಅವಳ ಸರದಿ, ಯಾವಾಗಲೂ, ತಂಡದ ನಾಯಕರಾದ ಭಾವ, ಗಂಡನ ಅಣ್ಣ, ಗಂಡ ಹೆಂಡ್ತಿ ಒಬ್ಬರ ಹಿಂದೆ ಒಬ್ರು ಇದ್ರೆ ನೋಡೋಕೆ ಚೆಂದ ಅಂತ ಗೊತ್ತು ಮಾಡಿದ್ದು. ಚೆಂದವಂತೆ. ಮದುವೆಯಾದ ಹೊಸತರಲ್ಲಿ ಅವಳಿಗೂ ಚೆಂದವೇ ಅನಿಸಿತ್ತು, ಇಬ್ಬರಿಗೂ ಸೇರಿ ಒಂದೇ ಬಾಲ್, ಒಂದೇ ತಟ್ಟೆ ಒಂದೇ ಲೋಟ ಅನ್ನುವ ಹುಚ್ಚು, ಇಲ್ಲೇ ಮೂಲೆಯ ಅಂಗಡಿಯಲ್ಲಿ ಬಾಲಿಗೆ ತೂತು ಕೊರೆಯುವವನ ಮುಂದೆ ಇಬ್ಬರೂ ಕೈ ಚಾಚಿ ನಿಂತು ನಕ್ಕದ್ದು, ಅವನು ನಗದೆ, ಇಬ್ರಿಗೂ ಆಗೋ ಹಾಗೆ ಕೊರೆದ್ರೆ ಒಬ್ರಿಗೂ ಆಗಲ್ಲಮ್ಮ, ಕೈ ಅಂದ್ರೆ ಚಪ್ಪಲಿ ಇದ್ದ ಹಾಗೆ, ಅವರವರದು ಅವರವರಿಗೆ ಅಂದದ್ದು. ಆದರೂ ಕೊರೆಸಿದರು. ಇವನಿಗೆ ಬಿಗಿ, ಇವಳಿಗೆ ಸಡಿಲ, ಇವಳು ಒಳಗೆ ಟೇಪು ಅಂಟಿಸಿಕೊಳ್ಳುವುದು, ಇವನು ಕಿತ್ತು ಎಸೆಯುವುದು, ಮತ್ತೆ ಅಂಟಿಸುವುದು, ಕಿತ್ತ ಟೇಪಿನ ಕಪ್ಪು ಉಂಡೆಗಳು ಬೆಂಚಿನ ಅಡಿಯಲ್ಲಿ ಸಾಲಾಗಿ ಅಂಟಿಕೊಂಡಿವೆ, ಕೈ ಹಾಕಿದರೆ ಸಿಗುತ್ತವೆ, ಅವಳು ಕೈ ಹಾಕುವುದಿಲ್ಲ. ಆಮೇಲೆ ಒಂದು ದಿನ ತೂತು ಇನ್ನೂ ಅಗಲವಾಗಿತ್ತು. ಬೆರಳು ದಪ್ಪ ಆಯ್ತಲ್ಲ ಮಾರಾಯ್ತಿ, ಸ್ವಲ್ಪ ಕೊರೆಸ್ಕೊಂಡೆ, ನೀನು ಇನ್ನೊಂದೆರಡು ಟೇಪು ಜಾಸ್ತಿ ಹಾಕ್ಕೋ. ಕೇಳಲಿಲ್ಲ, ಹೇಳಿದ ಅಷ್ಟೇ.

ಒಂದು ಸರದಿಗೆ ಎರಡು ಎಸೆತ, ಈಗ ಅವನ ಎರಡನೆಯದು. ಎದ್ದ, ಟೇಪಿನ ತುಣುಕು ಕಣ್ಣಿಗೆ ಬಿದ್ದರೂ ಕೀಳಲಿಲ್ಲ, ನೆಕ್ಕಿದ, ಬೆರಳು ತುರುಕಿದ, ಆ ಸದ್ದು, ಪಚಕ್ ಅನ್ನುವ ಸಣ್ಣ ಸದ್ದು ಅವಳಿಗಷ್ಟೇ ಕೇಳುತ್ತದೋ ಏನೋ, ಹೊಟ್ಟೆ ತೊಳೆಸುತ್ತದೆ. ಅಲ್ಲಿ ದೂರದಲ್ಲಿ, ಕೆಡವಬೇಕಾದ ಹತ್ತು ಪಿನ್‌ಗಳಲ್ಲಿ, ಬಲಮೂಲೆಯದು ಒಂದೇ ನಿಂತಿದೆ, ಬಿಳಿ ಕತ್ತು, ಕೆಂಪು ಪಟ್ಟಿ, ಬಾಲ್ ಅದರ ಕಡೆಗೇ ಹೊರಟು, ಇನ್ನೇನು ತಗುಲಬೇಕು ಅನ್ನುವಾಗ ಎಡಕ್ಕೆ ತಿರುಗಿ ಹೋಯಿತು. ಭಾವ ತೊಡೆ ತಟ್ಟಿಕೊಂಡರು. ನೋಡಿದ್ರಾ, ನೋಡಿದ್ರಾ, ಇದು ತಿರುಗೋ ಬಾಲ್, ಮೊದಲ ಎಸೆತಕ್ಕೆ ರಾಜ, ಮೂಲೆ ಪಿನ್‌ಗೆ ಕೆಲಸಕ್ಕೆ ಬಾರದ್ದು, ಲೀಗ್ ಆಡೋರ ಹತ್ರ ನೆಟ್ಟಗೆ ಹೋಗೋ ಬಾಲ್ ಇನ್ನೊಂದು ಇರಲೇಬೇಕು, ನಾನು ಬಾಯಿ ಬಡ್ಕೋತಾನೇ ಇದ್ದೀನಿ. ಹೋದ ಸಲದ ಲೀಗಿನಲ್ಲಿ ಗೆದ್ದದ್ದಕ್ಕೆ ತಂಡಕ್ಕೆ ಒಂದು ಹೊಸ ಬಾಲ್ ಬಹುಮಾನ ಬಂದಿದೆ, ಅಂಗಡಿಯ ಗಾಜಿನೊಳಗೆ ಕೂತಿದೆ, ನೀಲಿ, ನುಣುಪು, ಇನ್ನೂ ಒಂದೂ ತೂತಿಲ್ಲ. ಇವತ್ತು ಆಟ ಮುಗಿಯುವ ಹೊತ್ತಿಗೆ ಯಾರ ಕೈಗೆ ಕೊರೆಯಬೇಕು ಅಂತ ಹೇಳಬೇಕು. ಭಾವನ ಹತ್ತಿರ ಆಗಲೇ ಎರಡಿವೆ, ಓರಗಿತ್ತಿಗೂ ಎರಡು, ಅವಳು ಉಗುರಿನ ಬಣ್ಣಕ್ಕೆ ಹೊಂದಿಸಿ ತಗೊಂಡವಳು, ಇನ್ನುಳಿದದ್ದು ಇವನು ತಾನೇ, ಪಾಪ ಒಂದೇ ಬಾಲಿನಲ್ಲಿ ಎಷ್ಟು ಅಂತ ಹೆಣಗ್ತಾನೆ, ಎಂದಳು ಓರಗಿತ್ತಿ. ಪಾಪ. ಒಂದೇ ಬಾಲಿನಲ್ಲಿ. ಇಷ್ಟೂ ಜನರಲ್ಲಿ ಒಬ್ಬರಿಗೂ ಲೆಕ್ಕ ಬರುವುದಿಲ್ಲವೆ, ಅವನಿಗೆ ಎರಡನೆಯದು ಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರಿಗೆ ಇವಳಿಗೆ ಮೊದಲನೆಯದೇ ಇಲ್ಲ ಅನ್ನುವುದು ಕಾಣುವುದಿಲ್ಲವೆ, ಇವಳೇನು ಬಾಲಿನ ಜೊತೆ ಬಂದ ಚೀಲವೆ, ಇವಳೂ ಲೀಗ್ ಆಡುವವಳೇ ಅಲ್ಲವೆ. ಹೆಬ್ಬೆರಳಿನ ಬುಡ ಮಿಡಿಯುತ್ತಿದೆ. ಸಡಿಲ ತೂತಿನ ಬಾಲನ್ನು ಹಿಡಿದಿಡಬೇಕಾದರೆ ಬೆರಳು ಮಡಿಸಿ ಹಿಸುಕಬೇಕು, ಹಿಸುಕೀ ಹಿಸುಕೀ ಗಂಟು ಬಾತುಕೊಂಡಿದೆ, ಈಚೆಗಂತೂ ಟೇಪು ಒಂದೇ ಪದರ ಸಾಕಾಗುತ್ತದೆ, ಯಾಕೆಂದು ಯೋಚಿಸಿರಲಿಲ್ಲ. ನಿನ್ನೆ ಕ್ಲಿನಿಕ್ಕಿನಲ್ಲಿ, ಹಲ್ಲು ಶುಚಿ ಮಾಡುವುದು ಅವಳ ಕೆಲಸ, ಒಬ್ಬ ಮುದುಕರ ಬಾಯೊಳಗೆ ಕೊಕ್ಕೆ ಜಾರಿ ವಸಡಿನಿಂದ ರಕ್ತ ಬಂತು, ಡಾಕ್ಟರಮ್ಮ ಕರೆದು ಆ ಬೆರಳು ತೋರ್ಸಿ ಅಂದರು, ನೋಡಿ ಮುಖ ಸಿಂಡರಿಸಿದರು, ಇದನ್ನ ಹೀಗೇ ಬಿಟ್ರೆ ನೀವು ಈ ಕೆಲಸ ಮರೆತುಬಿಡಿ. ಮನೆಗೆ ಬಂದು ಗಂಡನಿಗೆ ಹೇಳಿದರೆ, ಟೇಪು ಸರಿಯಾಗಿ ಹಾಕ್ಕೋಬೇಕಪ್ಪ. ತೂತು ಅಂಟಂಟು, ಒಂಥರಾ ಆಗುತ್ತೆ ಅಂದರೆ, ದಿನಾ ಊರವರ ಬಾಯಿಗೆಲ್ಲ ಕೈ ಹಾಕ್ತೀಯ, ಕಟ್ಕೊಂಡ ಗಂಡನ ಬೆವರು ಅಸಹ್ಯನಾ ನಿಂಗೆ.

ಬಂತು ಮತ್ತೆ. ತೂತು ಮೇಲಾಗಿ, ನಾಲಿಗೆ ಚಾಚಿ. ನಿನ್ನ ಸರದಿ ಕಣೇ, ಏಳು, ಎಂದ ಗಂಡ. ಎದ್ದಳು, ಕೈ ಮುಂದೆ ಹೋಯಿತು, ತೂತಿನ ಅಂಚು ತಗುಲಿತು, ಬೆಚ್ಚಗೆ, ತೇವ — ಕೈ ತಾನಾಗಿ ಹಿಂದಕ್ಕೆ ಬಂತು, ಬಿಸಿ ಬಾಣಲೆ ಮುಟ್ಟಿದಂತೆ, ಮತ್ತು ಕಾಲು ತಾನಾಗಿ ಗೋಡೆಯ ಕಡೆ ಹೊರಟಿತು, ಅಲ್ಲಿ ಹೋಗೋ ಬರೋರಿಗೆಲ್ಲ ಇಟ್ಟಿರುವ ಬಾಲ್‌ಗಳ ಸಾಲು, ಮಕ್ಕಳು, ಹುಟ್ಟುಹಬ್ಬದ ಗುಂಪುಗಳು, ಕುಡಿದವರು, ಯಾರು ಯಾರೋ ಬೆರಳು ತೂರಿಸಿದವು, ಕೈಗೆ ಸಿಕ್ಕ ಹಸಿರು ಬಾಲನ್ನು ಎತ್ತಿಕೊಂಡಳು. ತೂತಿನ ಅಂಚಿನಲ್ಲಿ ಸಾಸ್ ಒಣಗಿ ಹಕ್ಕಳೆಯಾಗಿತ್ತು. ಒಳಗೆ ಏನೋ ಹಿಟ್ಟುಹಿಟ್ಟು, ಉಪ್ಪಿನ ಪುಡಿಯೋ ಏನೋ. ಬೆರಳು ಇಟ್ಟಳು. ಈಗ ಬರುತ್ತದೆ ವಾಕರಿಕೆ ಎಂದು ಕಾದಳು, ಬರಲಿಲ್ಲ, ಇನ್ನೂ ಕಾದಳು. ಏನೂ ಇಲ್ಲ. ಒಣಗಿದ ಕೊಳೆ, ತಣ್ಣಗಿನ ತೂತು, ಯಾರದೋ, ಯಾರದೂ ಅಲ್ಲದ್ದು, ಕ್ಲಿನಿಕ್ಕಿನ ಬಾಯಿಗಳ ಹಾಗೆ, ತೆರೆಯುತ್ತವೆ, ತೊಳೆಯುತ್ತಾಳೆ, ಮುಚ್ಚಿಕೊಂಡು ಹೋಗುತ್ತವೆ — ಹಾಗಾದರೆ ಇಷ್ಟು ದಿನ ಹೊಟ್ಟೆ ತೊಳೆಸಿದ್ದು ಗಲೀಜಿಗಲ್ಲ. ಗಲೀಜಿಗಲ್ಲದಿದ್ದರೆ ಇನ್ಯಾತಕ್ಕೆ ಅನ್ನುವುದನ್ನು ಮನಸ್ಸು ಪೂರ್ತಿ ಹೇಳುವ ಮೊದಲೇ ಎಸೆದುಬಿಟ್ಟಳು, ಬಾಲ್ ಒಂದು ಪಿನ್ನನ್ನೂ ಮುಟ್ಟದೆ ಲೇನಿನ ಪಕ್ಕದ ಚರಂಡಿಯಂಥ ತಗ್ಗಿಗೆ ಬಿತ್ತು, ಬೀಳಲಿ, ಬೆರಳು ಸಲೀಸಾಗಿ ಹೊರಬಂದಿತ್ತು, ನೋವಿಲ್ಲದೆ. ಅಯ್ಯೋ, ಆ ಗಲೀಜು ಬಾಲ್ ಯಾಕೆ ತಗೊಂಡೆ, ನಮ್ದು ಇಲ್ವಾ, ಎಂದ ಗಂಡ, ನಿಜವಾಗಿಯೂ ಅಸಹ್ಯಪಟ್ಟುಕೊಂಡು.

ಆಟ ಮುಗಿಯಿತು. ಅಂಗಡಿಯ ಕಟ್ಟೆಯ ಮುಂದೆ ನಾಲ್ವರೂ, ಕೊರೆಯುವವನು ನೀಲಿ ಬಾಲನ್ನು ಬಟ್ಟೆಯ ಮೇಲೆ ಇಟ್ಟಿದ್ದಾನೆ, ಸರಿ, ಇವನಿಗೆ ಅನ್ನೋರು ಕೈ ಎತ್ತಿ ಅಂದು ಭಾವ ತಾವೇ ಮೊದಲು ಎತ್ತಿದರು, ಓರಗಿತ್ತಿ ಎತ್ತಿದಳು, ಗಂಡ ತಾನೇ ತನಗೆ ಎತ್ತಿದ, ನಾಚಿಕೆಯಿಲ್ಲದವನು, ಅಳತೆಗೆ ಇನ್ನೊಂದು ಕೈಯನ್ನೂ ಚಾಚಿಯಾಗಿದೆ. ಅವಳು ತನ್ನ ಕೈಯನ್ನು ಮೇಲೆ ಎತ್ತಲಿಲ್ಲ, ಅವನ ಕೈಯನ್ನು ಪಕ್ಕಕ್ಕೆ ಸರಿಸಿ ಅಲ್ಲಿ ಇಟ್ಟಳು. ಇವ್ರಿಗೆ ಎರಡನೇದು ಯಾಕೆ, ಮೊದಲನೇದು ಇನ್ಮೇಲೆ ಪೂರ್ತಿ ಇವ್ರದ್ದೇ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. ಭಾವ ಕೆಮ್ಮಿದರು. ಏನಿದು ಎಲ್ಲರ ಮುಂದೆ, ಎಂದ ಗಂಡ ಮೆಲ್ಲಗೆ. ಕೊರೆಯುವವನು ಯಾರ ಮುಖವನ್ನೂ ನೋಡದೆ ತೂತು ತೂತಿನ ಅಳತೆಪಟ್ಟಿ ತೆಗೆದ, ಚಿಕ್ಕದರಲ್ಲಿ ಬೆರಳು ಇಡಿ ಅಂದ, ಹೋಗಲಿಲ್ಲ, ಅದರ ಪಕ್ಕದ್ದು, ಹೋಗಲಿಲ್ಲ, ಗಂಟು ಸಿಕ್ಕಿಕೊಂಡಿತು, ಅದರಾಚೆಯದು, ಅದರಾಚೆಯದು, ಕೊನೆಗೆ ಒಂದರೊಳಗೆ ಇಳಿಯಿತು. ಅವನು ಅದರ ಅಂಕಿ ನೋಡಿದ. ಇವತ್ತು ಬೇಡಮ್ಮ, ಊತ ಇಳೀಲಿ, ಅಲ್ಲೀವರೆಗೂ ಆಡಬೇಡಿ. ಈಗ ಅಳೆದ್ರೆ ನಿಮ್ಮ ಯಜಮಾನ್ರ ಅಳತೆನೇ ಬರ್ತಿದೆ. ಗಂಡ ನಕ್ಕ, ಬಾಯ್ತುಂಬ, ಉಳಿದವರಿಗೂ ನಗಲು ದಾರಿ ಸಿಕ್ಕಿತು, ನೋಡಿದ್ಯಾ, ಇಬ್ರಿಗೂ ಒಂದೇ ತೂತು ಸಾಕು ಅಂತ ನಾನು ಅವತ್ತೇ ಹೇಳ್ಲಿಲ್ವಾ. ಅವಳು ಬೆರಳನ್ನು ಎಳೆದಳು, ಬರಲಿಲ್ಲ, ತಿರುಚಿ ಎಳೆದಳು. ತನ್ನ ಕೈಯಲ್ಲಿ, ತನ್ನ ಮೈಯಲ್ಲೇ, ಅವನ ಹೆಬ್ಬೆರಳು ಬೆಳೆಯುತ್ತಿತ್ತು, ಇವಳಿಗೆ ಗೊತ್ತೇ ಆಗದೆ. ಕಾಯ್ತೀನಿ, ಎಂದಳು, ಅದನ್ನ ಕೊರೆಯದೆ ಹಾಗೇ ಇಡಿ, ನಂದೇ ಬೆರಳು ವಾಪಸ್ ಬರೋವರೆಗೂ. ನೀಲಿ ಬಾಲನ್ನೇ ನೋಡಬೇಕು, ಆ ನುಣುಪನ್ನೇ, ಇನ್ನೇನನ್ನೂ ಬೇಡ ಎಂದುಕೊಂಡಳು, ಆದರೆ ಅವನು ಆ ಹಳೆಯದನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಧೊಪ್ಪನೆ ಇಟ್ಟ, ಅದು ಒಂದು ಸುತ್ತು ಹೊರಳಿತು, ನಿಂತಿತು, ತೂತು ಮೇಲಾಗಿ, ಒದ್ದೆ, ಬಾಯಿ ತೆರೆದು, ಅವಳೇ ಅಂಟಿಸಿದ ಟೇಪು ಅದರಿಂದ ನಾಲಿಗೆ ಚಾಚಿ, ಅವಳ ಕಡೆಗೆ, ತೂತು, ಆ ತೂತು